ಬೇಗಂ ರೊಕೆಯಾ: ಮನೆಯೊಳಗೇ ಶುರುವಾದ ಶಾಲೆ

ಪ್ರತಿ ವರ್ಷ ಡಿಸೆಂಬರ್ 9 ಬಂದರೆ ನಮ್ಮ ನೆರೆಯ ಬಾಂಗ್ಲಾದೇಶದಲ್ಲಿ ರೊಕೆಯಾ ದಿನ ಆಚರಿಸುತ್ತಾರೆ. ಢಾಕಾ ವಿಶ್ವವಿದ್ಯಾಲಯದ ಹುಡುಗಿಯರ ಹಾಸ್ಟೆಲ್‌ಗೆ ರೊಕೆಯಾ ಹಾಲ್ ಎಂದೇ ಹೆಸರು. ಕೋಲ್ಕತ್ತಾದಲ್ಲಿ ಅವರು ಕಟ್ಟಿದ ಶಾಲೆ ಇಂದಿಗೂ ನಡೆಯುತ್ತಿದೆ. ನಮ್ಮಲ್ಲಿ ರುಖಿಯಾ, ರುಕಯ್ಯಾ ಎಂದು ಮಕ್ಕಳಿಗೆ ಹೆಸರಿಡುತ್ತಾರಲ್ಲ, ಅದೇ ಹೆಸರನ್ನು ಬಂಗಾಳಿಗಳು ರೊಕೆಯಾ ಎನ್ನುತ್ತಾರೆ. ನಮ್ಮ ಪ್ರವಾದಿಯವರ (ಸ) ಮಗಳೊಬ್ಬರ ಹೆಸರು ಅದು. ಹೆಸರು ಇಷ್ಟು ಹತ್ತಿರದ್ದಾದರೂ ನಮ್ಮ ತರಗತಿಯಲ್ಲಿ ಬೇಗಂ ರೊಕೆಯಾ ಯಾರು ಎಂದು ಕೇಳಿದರೆ ಕೈ ಎತ್ತುವವರು ಕಡಿಮೆ. ಅದಕ್ಕೇ ಈ ಸಂಚಿಕೆಗೆ ಅವರ ಬಗ್ಗೆಯೇ ಬರೆಯೋಣ ಎಂದುಕೊಂಡೆ.

ಮಹನೀಯರ ಜೀವನ ಚರಿತ್ರೆ ಎಂದರೆ ಸಭೆ, ಭಾಷಣ, ಹೋರಾಟ, ಜೈಲು ಎಂದು ನಾವು ಓದಿ ರೂಢಿ. ರೊಕೆಯಾ ಅವರ ಬದುಕಿನಲ್ಲಿ ನನಗೆ ತುಂಬ ಹಿಡಿಸಿದ್ದು ಬೇರೆಯೇ. ಅವರ ಜೀವನದ ದೊಡ್ಡ ತಿರುವುಗಳೆಲ್ಲ ಮನೆಯೊಳಗೇ ನಡೆದವು. ಅಂಗಳ, ಅಟ್ಟ, ಮಲಗುವ ಕೋಣೆ, ಗಂಡ ಪ್ರವಾಸಕ್ಕೆ ಹೋದಾಗ ಖಾಲಿ ಉಳಿದ ಮಧ್ಯಾಹ್ನ, ಇವೇ ಅವರ ರಣರಂಗ. ನಮ್ಮ ಮನೆಯಲ್ಲಿ ಪಿಯುಸಿ ಮೆಟ್ಟಿಲು ಹತ್ತಿದ ಮೊದಲ ಹುಡುಗಿ ನಾನು. ಓದಿನ ಹೋರಾಟ ಮೊದಲು ಮನೆಯಲ್ಲೇ ಗೆಲ್ಲಬೇಕು ಎನ್ನುವುದು ನನಗೂ ಗೊತ್ತು, ಇದನ್ನು ಓದುತ್ತಿರುವ ಅನೇಕರಿಗೂ ಗೊತ್ತು.

ಪೈರಾಬಂದ್‌ನ ಮನೆ

ರೊಕೆಯಾ ಹುಟ್ಟಿದ್ದು 1880ರಲ್ಲಿ, ರಂಗಪುರ ಜಿಲ್ಲೆಯ ಪೈರಾಬಂದ್ ಎಂಬ ಹಳ್ಳಿಯಲ್ಲಿ. ಆಗ ಅದು ಬ್ರಿಟಿಷ್ ಬಂಗಾಳ, ಈಗ ಬಾಂಗ್ಲಾದೇಶ. ತಂದೆ ಜಹೀರುದ್ದೀನ್ ಮುಹಮ್ಮದ್ ಅಬು ಅಲಿ ಹೈದರ್ ಸಾಬೆರ್ ದೊಡ್ಡ ಜಮೀನುದಾರರು, ಹಲವು ಭಾಷೆ ಬಲ್ಲವರು. ತಾಯಿ ರಾಹತುನ್ನಿಸಾ. ಮನೆಯಲ್ಲಿ ಅನ್ನಕ್ಕೆ, ಬಟ್ಟೆಗೆ, ಆಳುಕಾಳುಗಳಿಗೆ ಕೊರತೆ ಇರಲಿಲ್ಲ. ಗಂಡುಮಕ್ಕಳನ್ನು ಓದಿಸಲು ಕೋಲ್ಕತ್ತಾದ ಸೇಂಟ್ ಝೇವಿಯರ್ಸ್‌ಗೆ ಕಳಿಸಿದ್ದರು. ಹೆಣ್ಣುಮಕ್ಕಳಿಗೆ ಮಾತ್ರ ಜನಾನಾದ ಗೋಡೆಯೇ ಗಡಿ.

ಹೆಣ್ಣುಮಕ್ಕಳು ಓದಲೇಬಾರದು ಎಂದೇನೂ ಆ ಮನೆಯಲ್ಲಿ ಇರಲಿಲ್ಲ. ಕುರ್‌ಆನ್ ಓದಲು ಅರಬ್ಬಿ ಅಕ್ಷರ ಕಲಿಯಬಹುದು. ಫಾರ್ಸಿ, ಉರ್ದು ಅಷ್ಟಿಷ್ಟು ಬಂದರೆ ಮನೆತನಕ್ಕೆ ಶೋಭೆ. ಆದರೆ ಬಂಗಾಳಿ ಬೇಡ, ಇಂಗ್ಲಿಷ್ ಅಂತೂ ಬೇಡವೇ ಬೇಡ. ಬಂಗಾಳಿ ಸುತ್ತಲಿನ ಊರಿನ ಭಾಷೆ. ಅದನ್ನು ಓದಲು ಬಂದರೆ ಹೊರಗಿನ ಜಗತ್ತು ಒಳಗೆ ಬರುತ್ತದೆ ಎಂಬ ಭಯ. ಹೀಗೆ ಮನೆಯ ಹುಡುಗಿಯರು ತಾವು ಹುಟ್ಟಿದ ನಾಡಿನ ಅಕ್ಷರವನ್ನೇ ಕದ್ದು ಕಲಿಯಬೇಕಾಯಿತು.

ಅಟ್ಟದ ಮೇಲಿನ ಹುಡುಗಿ

ಐದನೇ ವರ್ಷಕ್ಕೇ ರೊಕೆಯಾಗೆ ಪರ್ದಾ ಶುರುವಾಯಿತು. ಅದೂ ಗಂಡಸರಿಂದ ಮಾತ್ರವಲ್ಲ, ಮನೆಗೆ ಬರುವ ಹೊರಗಿನ ಹೆಂಗಸರಿಂದಲೂ. ಯಾರಾದರೂ ಬಂದರು ಎಂಬ ಸನ್ನೆ ಸಿಕ್ಕಿದರೆ ಸಾಕು, ಮಗು ಓಡಿ ಎಲ್ಲಾದರೂ ಅಡಗಬೇಕು. ಬಾಗಿಲ ಹಿಂದೆ, ಮೇಜಿನ ಕೆಳಗೆ, ಎಲ್ಲಿ ಜಾಗ ಸಿಕ್ಕರೆ ಅಲ್ಲಿ.

ಅಂಥ ಒಂದು ಪ್ರಸಂಗವನ್ನು ರೊಕೆಯಾ ದೊಡ್ಡವರಾದ ಮೇಲೆ ಬರೆದಿಟ್ಟಿದ್ದಾರೆ. ಆಗ ಅವರು ಕೋಲ್ಕತ್ತಾದಲ್ಲಿದ್ದರು. ಬಿಹಾರದ ಕಡೆಯಿಂದ ನೆಂಟರೊಬ್ಬರು ಬಂದರು. ಜತೆಗೆ ಇಬ್ಬರು ಕೆಲಸದ ಹೆಂಗಸರು. ಆ ಇಬ್ಬರಿಗೂ ಮನೆಯ ಯಾವ ಕೋಣೆಗಾದರೂ ನುಗ್ಗುವ ಸಲಿಗೆ. ಅವರ ಕಣ್ಣಿಗೆ ಬೀಳಬಾರದೆಂದು ಆಯಾ ಬೆಳಗಿನ ಜಾವವೇ ಮಗುವನ್ನು ಎತ್ತಿಕೊಂಡು ಹೋಗಿ ಮೂರನೇ ಮಹಡಿಯ ಅಟ್ಟದಲ್ಲಿ ಬಿಟ್ಟು ಬರುತ್ತಿದ್ದಳು. ಒಂದು ದಿನ ಆ ಹೆಂಗಸರು ಮನೆಯೆಲ್ಲ ಸುತ್ತಿ ಅಟ್ಟಕ್ಕೂ ಹತ್ತಿ ಬಂದರು. ಮಗು ಅಲ್ಲಿದ್ದ ಮಂಚದ ಕೆಳಗೆ ತೂರಿಕೊಂಡು ಉಸಿರು ಬಿಡಲೂ ಹೆದರಿ ಮಲಗಿತು. ಅದರದೇ ವಯಸ್ಸಿನ ನೆಂಟರ ಹುಡುಗನೊಬ್ಬ ಅಲ್ಲಿದ್ದ ಖಾಲಿ ಪೆಟ್ಟಿಗೆ, ಸ್ಟೂಲುಗಳನ್ನು ಎಳೆದೆಳೆದು ಮಂಚದ ಸುತ್ತ ಅಡ್ಡ ಇಟ್ಟ. ಸುಮಾರು ನಾಲ್ಕು ದಿನ ಹೀಗೇ ಕಳೆಯಿತು. ಮಗು ಉಂಡಿತೇ ಎಂದು ದೊಡ್ಡವರಾರೂ ಕೇಳಲಿಲ್ಲ. ಆ ಹುಡುಗನಿಗೆ ನೆನಪಾದರೆ ಒಂದು ಲೋಟ ನೀರೋ ಏನಾದರೂ ತಿನ್ನಲೋ ತಂದುಕೊಡುತ್ತಿದ್ದ. ಅವನೂ ಮಗುವೇ ತಾನೇ? ಕೆಲವು ಸಲ ತರುತ್ತೇನೆಂದು ಹೋದವನು ಆಟದಲ್ಲಿ ಮರೆತುಬಿಡುತ್ತಿದ್ದ.

ಇದನ್ನು ಅವರು ಬರೆದಿದ್ದು ತಮಾಷೆಯ ಧಾಟಿಯಲ್ಲಿ. ಓದುವಾಗ ನಗು ಬರುತ್ತದೆ. ಮುಗಿಸಿದ ಮೇಲೆ ಆ ಐದು ವರ್ಷದ ಮಗುವಿನ ಹಸಿವು ನೆನಪಾಗಿ ಸುಮ್ಮನಾಗುತ್ತೇವೆ. ಆ ಮನೆಯಲ್ಲಿ ಯಾರೂ ಕೆಟ್ಟವರಿರಲಿಲ್ಲ. ಎಲ್ಲರೂ ರಿವಾಜು ಪಾಲಿಸುತ್ತಿದ್ದರು ಅಷ್ಟೆ. ರಿವಾಜು ಮಗುವಿನ ಊಟಕ್ಕಿಂತ ದೊಡ್ಡದಾಗಿಬಿಟ್ಟಿತ್ತು.

ಅಕ್ಕನ ಅಕ್ಷರ, ಅಣ್ಣನ ಮೇಣದಬತ್ತಿ

ಆ ಮನೆಯಲ್ಲಿ ರೊಕೆಯಾಗೆ ಇಬ್ಬರು ಗುರುಗಳು ಸಿಕ್ಕರು. ಮೊದಲನೆಯವರು ಅಕ್ಕ ಕರೀಮುನ್ನಿಸಾ. ಆಕೆ ಅಂಗಳದ ಮಣ್ಣಿನಲ್ಲಿ ಗೀಚಿ ಗೀಚಿ ಬಂಗಾಳಿ ಅಕ್ಷರ ಕಲಿತವರು. ಒಂದು ದಿನ ಬಂಗಾಳಿ ಪುಸ್ತಕ ಹಿಡಿದು ಕೂತಿದ್ದಾಗ ತಂದೆಯ ಕೈಗೆ ಸಿಕ್ಕಿಬಿದ್ದರು. ಹುಡುಗಿಗೆ ಮೂರ್ಛೆ ಹೋಗುವಷ್ಟು ಭಯ. ಆದರೆ ತಂದೆ ಬೈಯಲಿಲ್ಲ. ಮಗಳ ಆಸೆ ನೋಡಿ ಅವರ ಮನಸ್ಸು ಕರಗಿತು. ಅಂದಿನಿಂದ ತಾವೇ ಅಷ್ಟಿಷ್ಟು ಹೇಳಿಕೊಡತೊಡಗಿದರು. ಆ ಮನೆಯಲ್ಲಿ ಯಾರೂ ಎಣಿಸದ ಸಂಗತಿ ಅದು.

ಆ ಸಂತೋಷ ಬಹಳ ದಿನ ಉಳಿಯಲಿಲ್ಲ. ಬಂಧು ಬಳಗ ಸುಮ್ಮನಿರಲಿಲ್ಲ. ಹುಡುಗಿಗೆ ಇದೆಲ್ಲ ಯಾಕೆ ಎಂಬ ಮಾತು ಎದ್ದಿತು. ತಂದೆ ಹಿಂದೆ ಸರಿದರು. ಕರೀಮುನ್ನಿಸಾರ ಓದು ನಿಂತಿತು, ಹದಿನೈದು ತುಂಬುವ ಮೊದಲೇ ಮದುವೆಯೂ ಆಯಿತು. ಒಳ್ಳೆಯ ಮನಸ್ಸಿನ ತಂದೆಯೂ ನಾಲ್ಕು ಜನರ ಮಾತಿಗೆ ಸೋಲುವುದನ್ನು ನಾವೂ ಕಂಡಿದ್ದೇವೆ. ಆದರೆ ಅಕ್ಕ ತಾನು ಕಲಿತಷ್ಟನ್ನು ತಂಗಿಗೆ ದಾಟಿಸಿದರು. ತಾವೂ ಓದು ಬರಹ ಬಿಡಲಿಲ್ಲ, ಕವಿತೆ ಬರೆದರು. ತಮ್ಮ ಬಂಗಾಳಿ ಬರವಣಿಗೆಗೆ ಅಕ್ಕನೇ ಕಾರಣ ಎಂದು ರೊಕೆಯಾ ಮುಂದೆ 'ಮೋತಿಚೂರ್' ಪುಸ್ತಕದ ಎರಡನೇ ಭಾಗವನ್ನು ಆಕೆಗೇ ಅರ್ಪಿಸಿದರು.

ಎರಡನೇ ಗುರು ಅಣ್ಣ ಇಬ್ರಾಹಿಂ ಸಾಬೆರ್. ಕೋಲ್ಕತ್ತಾದಲ್ಲಿ ಓದಿ ಬಂದ ಯುವಕ. ಹಗಲು ತಂಗಿಗೆ ಇಂಗ್ಲಿಷ್ ಕಲಿಸುವುದು ಆ ಮನೆಯಲ್ಲಿ ಸಾಧ್ಯವೇ ಇರಲಿಲ್ಲ. ರಾತ್ರಿ ಊಟ ಮುಗಿದು, ದೀಪಗಳು ಆರಿ, ಹಿರಿಯರೆಲ್ಲ ನಿದ್ದೆ ಹೋದ ಮೇಲೆ ಅಣ್ಣ ತಂಗಿ ಎದ್ದು ಮೇಣದಬತ್ತಿ ಹಚ್ಚುತ್ತಿದ್ದರು. ಆ ಬೆಳಕಿನಲ್ಲಿ ಪಾಠ. ಬಾಗಿಲ ಬಳಿ ಸದ್ದಾದರೆ ಎದೆ ಝಲ್ ಎನ್ನುತ್ತಿತ್ತೇನೋ. ಆ ಹುಡುಗಿ ಎಂದೂ ಶಾಲೆಗೆ ಹೋದವಳಲ್ಲ, ಪರೀಕ್ಷೆ ಬರೆದವಳಲ್ಲ. ಆ ಮೇಣದಬತ್ತಿಯ ಪಾಠದಿಂದಲೇ ಮುಂದೆ ಇಂಗ್ಲಿಷಿನಲ್ಲಿ ಕತೆ ಬರೆಯುವ ಮಟ್ಟಕ್ಕೆ ಬೆಳೆದಳು. 1924ರಲ್ಲಿ ಬಂದ 'ಪದ್ಮರಾಗ' ಕಾದಂಬರಿಯನ್ನು ರೊಕೆಯಾ ಅರ್ಪಿಸಿದ್ದು ಈ ಅಣ್ಣನಿಗೆ.

ಇಲ್ಲಿ ನಮ್ಮ ಕಾಲೇಜಿನ ಹುಡುಗರಿಗೆ ಒಂದು ಮಾತು. ಚರಿತ್ರೆಯಲ್ಲಿ ಇಬ್ರಾಹಿಂ ಸಾಬೆರ್ ಅವರ ಹೆಸರು ಉಳಿದಿದ್ದು ತಂಗಿಗೆ ಪಾಠ ಹೇಳಿಕೊಟ್ಟಿದ್ದಕ್ಕೆ. ಅದು ಸಣ್ಣ ಕೆಲಸವೇನಲ್ಲ.

ಭಾಗಲ್ಪುರದ ಸಂಸಾರ

ಹದಿಹರೆಯ ದಾಟುವ ಮೊದಲೇ ರೊಕೆಯಾಗೆ ಮದುವೆಯಾಯಿತು. ವರ ಸೈಯದ್ ಸಖಾವತ್ ಹುಸೇನ್, ಬಿಹಾರದ ಭಾಗಲ್ಪುರದವರು, ಡೆಪ್ಯುಟಿ ಮ್ಯಾಜಿಸ್ಟ್ರೇಟ್. ವಯಸ್ಸಿನಲ್ಲಿ ತುಂಬ ದೊಡ್ಡವರು, ಮೊದಲ ಹೆಂಡತಿ ತೀರಿಕೊಂಡಿದ್ದರು, ಒಬ್ಬ ಮಗಳಿದ್ದಳು. ಮನೆಮಾತು ಉರ್ದು. ಕಾಗದದ ಮೇಲೆ ನೋಡಿದರೆ ಒಬ್ಬ ಹುಡುಗಿಯ ಓದಿನ ಕತೆ ಮುಗಿಯುವುದು ಇಂಥ ಮದುವೆಯಲ್ಲೇ. ಆದರೆ ಇಂಗ್ಲೆಂಡಿನಲ್ಲೂ ಓದಿ ಬಂದಿದ್ದ ಸಖಾವತ್ ಸಾಹೇಬರು ಹೆಂಡತಿಯ ಓದನ್ನು ನಿಲ್ಲಿಸಲಿಲ್ಲ, ಬೆಳೆಸಿದರು. ಇಂಗ್ಲಿಷ್ ಸುಧಾರಿಸಿಕೊಳ್ಳಲು ನೆರವಾದರು, ಬರೆಯಲು ಹುರಿದುಂಬಿಸಿದರು.

ಭಾಗಲ್ಪುರದಲ್ಲಿ ಸುತ್ತಲೂ ಉರ್ದು. ಹದಿನಾಲ್ಕು ವರ್ಷ ಅಲ್ಲಿ ಬಂಗಾಳಿ ಮಾತಾಡಲು ರೊಕೆಯಾಗೆ ಒಬ್ಬರೂ ಇರಲಿಲ್ಲ. ಆದರೂ ಬರೆದಿದ್ದು ಹೆಚ್ಚಾಗಿ ಬಂಗಾಳಿಯಲ್ಲೇ. ಬಾಲ್ಯದಲ್ಲಿ ಮನೆಯವರು ಬೇಡ ಎಂದಿದ್ದ ಭಾಷೆಯನ್ನು ಮಾತಿನ ಆಸರೆಯೂ ಇಲ್ಲದೆ ಬರವಣಿಗೆಯಲ್ಲೇ ಉಳಿಸಿಕೊಂಡರು. 1904ರಲ್ಲಿ 'ಮೋತಿಚೂರ್' ಪ್ರಬಂಧ ಸಂಕಲನದ ಮೊದಲ ಭಾಗ ಬಂತು. ಮೋತಿಚೂರ್ ಎಂದರೆ ಕೂಡಲೇ ಲಾಡು ನೆನಪಾಗುತ್ತದಲ್ಲವೇ? ಪುಸ್ತಕದೊಳಗಿನ ಮಾತುಗಳು ಮಾತ್ರ ಅಷ್ಟು ಸಿಹಿಯಲ್ಲ.

ಅದರಲ್ಲಿ ಮನೆಯ ಬಗ್ಗೆಯೇ ಎರಡು ಪ್ರಬಂಧಗಳಿವೆ. ಒಂದರ ಹೆಸರು 'ಗೃಹ'. ಮನೆ ಎಂದರೆ ದಣಿದು ಬಂದವರಿಗೆ ನೆಮ್ಮದಿಯ ಜಾಗ ಎನ್ನುತ್ತಾರಲ್ಲ, ಆ ನೆಮ್ಮದಿ ಮನೆಯಲ್ಲಿರುವ ಹೆಂಗಸಿಗೆ ಉಂಟೇ ಎಂದು ಅಲ್ಲಿ ಕೇಳುತ್ತಾರೆ. ಅಪ್ಪನ ಮನೆ, ಗಂಡನ ಮನೆ, ಅಣ್ಣನ ಮನೆ, ಮಗನ ಮನೆ. ಹೀಗೆ ಒಂದೊಂದೇ ಮನೆ ಎಣಿಸಿಕೊಂಡು ಹೋದರೆ ಅವಳದೇ ಎನ್ನುವ ಮನೆ ಯಾವುದು ಎಂಬುದು ಅವರ ಪ್ರಶ್ನೆ. ಇನ್ನೊಂದು 'ಸುಗೃಹಿಣಿ'. ಹುಡುಗಿ ಒಳ್ಳೆಯ ಗೃಹಿಣಿಯಾದರೆ ಸಾಕು, ಓದು ಯಾಕೆ ಎನ್ನುವವರಿಗೆ ಅಲ್ಲಿ ಅವರ ಮಾತಿನ ದಾರಿಯಲ್ಲೇ ಹೋಗಿ ಉತ್ತರ ಕೊಡುತ್ತಾರೆ. ಸರಿ, ಒಳ್ಳೆಯ ಗೃಹಿಣಿಯೇ ಆಗೋಣ. ಅಡುಗೆ ಹದವಾಗಿ ಆಗಬೇಕಾದರೆ ಶಾಖದ ಗುಣ ಗೊತ್ತಿರಬೇಕು, ರಸಾಯನಶಾಸ್ತ್ರ ಗೊತ್ತಿರಬೇಕು. ಮಗು ಬೆಳೆಸಲು, ಕಾಯಿಲೆಯವರನ್ನು ನೋಡಿಕೊಳ್ಳಲು ಆರೋಗ್ಯದ ತಿಳಿವಳಿಕೆ ಬೇಕು. ಖರ್ಚು ತೂಗಿಸಲು ಲೆಕ್ಕ ಬೇಕು. ಹಾಗಾದರೆ ಓದಿಸದೆ ಒಳ್ಳೆಯ ಗೃಹಿಣಿಯನ್ನು ಎಲ್ಲಿಂದ ತರುತ್ತೀರಿ ಎಂಬುದು ಅವರ ವಾದದ ಸಾರ.

ನಾನು ವಿಜ್ಞಾನ ವಿಭಾಗದ ವಿದ್ಯಾರ್ಥಿನಿ. ರಸಾಯನಶಾಸ್ತ್ರದ ಪ್ರಯೋಗಾಲಯಕ್ಕೆ ಹೋಗುವಾಗ ಈ ಪ್ರಬಂಧ ಆಗಾಗ ನೆನಪಾಗುತ್ತದೆ. ನೂರಿಪ್ಪತ್ತು ವರ್ಷಗಳ ಹಿಂದೆ, ಪ್ರಯೋಗಾಲಯದ ಬಾಗಿಲನ್ನೂ ಕಾಣದ ಹೆಣ್ಣುಮಗಳೊಬ್ಬಳು ನಮ್ಮ ಅಡುಗೆಮನೆಗೆ ಈ ವಿಷಯ ಬೇಕು ಎಂದು ಬರೆದಿದ್ದಳಲ್ಲ!

ಗಂಡ ನಿಂತೇ ಓದಿದ ಕತೆ

1905ರ ಮಾತು. ಸಖಾವತ್ ಸಾಹೇಬರು ಸರ್ಕಾರಿ ಕೆಲಸದ ಮೇಲೆ ಪ್ರವಾಸ ಹೋಗಿದ್ದರು. ಮನೆಯಲ್ಲಿ ರೊಕೆಯಾ ಒಬ್ಬರೇ. ಹೊತ್ತು ಕಳೆಯಬೇಕಲ್ಲ, ಕಾಗದ ಪೆನ್ನು ಹಿಡಿದು ಇಂಗ್ಲಿಷಿನಲ್ಲಿ ಒಂದು ಕತೆ ಬರೆದರು. ಗಂಡ ಹಿಂತಿರುಗಿ, ಇಷ್ಟು ದಿನ ಏನು ಮಾಡಿದೆ ಎಂದು ಕೇಳಿದಾಗ ಆ ಹಾಳೆಗಳನ್ನು ಕೈಗಿತ್ತರು. ಅವರು ಕುರ್ಚಿಯಲ್ಲಿ ಕೂರುವುದನ್ನೂ ಮರೆತು ನಿಂತಲ್ಲೇ ಕೊನೆಯವರೆಗೆ ಓದಿದರು. ಓದಿ, ಗಂಡಸರ ಮೇಲೆ ಭಯಂಕರ ಸೇಡು ತೀರಿಸಿಕೊಂಡಿದ್ದೀಯಾ ಎಂಬ ಅರ್ಥದ ಮಾತು ಹೇಳಿದರು. ಆಮೇಲೆ ಆ ಹಾಳೆಗಳನ್ನು ತಿದ್ದಿಕೊಡಲೆಂದು ಭಾಗಲ್ಪುರದ ಕಮಿಷನರ್ ಆಗಿದ್ದ ಆಂಗ್ಲ ಅಧಿಕಾರಿಗೆ ಕಳಿಸಿದರು. ಅಧಿಕಾರಿ ಒಂದಕ್ಷರವನ್ನೂ ತಿದ್ದದೆ ಮೆಚ್ಚುಗೆ ಬರೆದು ಹಿಂತಿರುಗಿಸಿದರು.

ಆ ಕತೆಯೇ 'ಸುಲ್ತಾನಾಸ್ ಡ್ರೀಮ್', ಸುಲ್ತಾನಾಳ ಕನಸು. ಅದು ಮೊದಲು ಅಚ್ಚಾದದ್ದು ನಮ್ಮ ದಕ್ಷಿಣದಲ್ಲೇ, ಮದರಾಸಿನಿಂದ ಬರುತ್ತಿದ್ದ 'ಇಂಡಿಯನ್ ಲೇಡೀಸ್ ಮ್ಯಾಗಝಿನ್' ಎಂಬ ಪತ್ರಿಕೆಯಲ್ಲಿ. 1908ರಲ್ಲಿ ಪುಸ್ತಕವಾಯಿತು.

ಕತೆ ಏನು ಗೊತ್ತೇ? ಮಲಗುವ ಕೋಣೆಯ ಆರಾಮಕುರ್ಚಿಯಲ್ಲಿ ಕೂತ ಸುಲ್ತಾನಾ ಕನಸಿನಲ್ಲಿ ಹೆಂಗಸರ ನಾಡಿಗೆ ಹೋಗುತ್ತಾಳೆ. ಅಲ್ಲಿ ಎಲ್ಲ ಮಗುಚಿ ಬಿದ್ದಿದೆ. ಗಂಡಸರು ಮರ್ದಾನಾದ ಒಳಗೆ, ಹೆಂಗಸರು ಬೀದಿಯಲ್ಲಿ ನಿರ್ಭಯವಾಗಿ. ಅಡುಗೆಮನೆ ತೋಟದ ನಡುವೆ ಇದೆ, ಹೊಗೆಯಿಲ್ಲ, ಇದ್ದಿಲಿಲ್ಲ, ಸೂರ್ಯನ ಶಾಖದಲ್ಲೇ ಅಡುಗೆ. ಮೋಡಗಳಿಂದಲೇ ನೀರು ಸೆಳೆಯುವ ಬಲೂನು, ಗಾಳಿಯಲ್ಲಿ ಹಾರುವ ವಾಹನ. ಇದನ್ನೆಲ್ಲ ಕಂಡುಹಿಡಿದವರು ಹೆಂಗಸರ ವಿಶ್ವವಿದ್ಯಾಲಯದವರು. ಶತ್ರು ಬಂದಾಗ ಗಂಡಸರ ಸೈನ್ಯ ಸೋತಿತು, ಸೂರ್ಯನ ಬಿಸಿಲನ್ನೇ ಶತ್ರುಗಳ ಮೇಲೆ ತಿರುಗಿಸಿ ಹೆಂಗಸರು ನಾಡು ಉಳಿಸಿದರು. ಇಪ್ಪತ್ತೊಂದು ತುಂಬದೆ ಹುಡುಗಿಗೆ ಮದುವೆ ಇಲ್ಲ. ಹೆಂಗಸರ ಕಚೇರಿ ಕೆಲಸ ದಿನಕ್ಕೆ ಎರಡೇ ಗಂಟೆ. ಗಂಡಸರು ಏಳು ಗಂಟೆ ದುಡಿಯುತ್ತಿದ್ದರಲ್ಲ ಎಂದು ಸುಲ್ತಾನಾ ಕೇಳಿದರೆ ಅದಕ್ಕೂ ಲೆಕ್ಕ ಸಿದ್ಧ. ಒಂದು ಚುಟ್ಟಾ ಸುಟ್ಟು ಮುಗಿಯಲು ಅರ್ಧ ಗಂಟೆ, ದಿನಕ್ಕೆ ಹನ್ನೆರಡು ಚುಟ್ಟಾ, ಅಲ್ಲಿಗೆ ಆರು ಗಂಟೆ ಹೊಗೆಯಲ್ಲೇ ಹೋಯಿತು!

ರೈಟ್ ಸಹೋದರರ ವಿಮಾನ ಹಾರಿ ಆಗ ಎರಡು ವರ್ಷವೂ ಆಗಿರಲಿಲ್ಲ. ಸೋಲಾರ್ ಕುಕ್ಕರ್ ನಮ್ಮ ಊರಿಗೆ ಬರಲು ಇನ್ನೂ ಎಷ್ಟೋ ದಶಕ ಬೇಕಿತ್ತು. ಪರ್ದಾದೊಳಗಿನ ಒಬ್ಬ ಗೃಹಿಣಿ ಇದನ್ನೆಲ್ಲ ಕಂಡಳು. ಕಂಡದ್ದರಲ್ಲಿ ಮೊದಲು ತೋರಿಸಿದವುಗಳಲ್ಲಿ ಹೊಗೆಯಿಲ್ಲದ ಅಡುಗೆಮನೆಯೂ ಒಂದು. ಹೊಗೆಯಲ್ಲಿ ಕಣ್ಣು ಉರಿಸಿಕೊಂಡವರಿಗೆ ತಾನೇ ಆ ಕನಸು ಬೀಳುವುದು?

ಸಾವುಗಳ ನಡುವೆ ಒಂದು ಗುರಿ

ಆ ಮನೆಯಲ್ಲಿ ಸುಖವೊಂದೇ ಇರಲಿಲ್ಲ. ರೊಕೆಯಾಗೆ ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು. ಇಬ್ಬರೂ ಕೆಲವೇ ತಿಂಗಳುಗಳಲ್ಲಿ ತೀರಿಕೊಂಡರು. ಗಂಡನಿಗೆ ಸಕ್ಕರೆ ಕಾಯಿಲೆ ಏರಿತು, ಕಣ್ಣು ಮಂಜಾಯಿತು. ವರ್ಷಗಟ್ಟಲೆ ಅವರ ಸೇವೆ ಮಾಡಿದರು. ಪ್ರಬಂಧದಲ್ಲಿ ಬರೆದ ಶುಶ್ರೂಷೆಯನ್ನು ತಮ್ಮ ಕೈಯಾರೆ ಮಾಡಬೇಕಾಯಿತು. 1909ರ ಮೇ 3ರಂದು ಸಖಾವತ್ ಸಾಹೇಬರು ತೀರಿಕೊಂಡರು. ರೊಕೆಯಾಗೆ ಆಗ ಮೂವತ್ತೂ ತುಂಬಿರಲಿಲ್ಲ.

ಆದರೆ ಗಂಡ ಹೆಂಡತಿ ಇಬ್ಬರೂ ಸೇರಿ ಮೊದಲೇ ಒಂದು ಗುರಿ ಇಟ್ಟುಕೊಂಡಿದ್ದರು. ಹುಡುಗಿಯರಿಗೊಂದು ಶಾಲೆ ಬೇಕು ಎಂದು. ಅದಕ್ಕೆಂದೇ ಸಖಾವತ್ ಸಾಹೇಬರು 10,000 ರೂಪಾಯಿ ತೆಗೆದಿಟ್ಟಿದ್ದರು. ಆ ಕಾಲಕ್ಕೆ ಅದು ದೊಡ್ಡ ಮೊತ್ತ. ಗಂಡ ತೀರಿಕೊಂಡು ಐದು ತಿಂಗಳಿಗೆ, 1909ರ ಅಕ್ಟೋಬರ್ 1ರಂದು, ಭಾಗಲ್ಪುರದಲ್ಲೇ ಐವರು ಹುಡುಗಿಯರೊಂದಿಗೆ ರೊಕೆಯಾ ಶಾಲೆ ತೆರೆದರು.

ಅಲ್ಲಿಯೂ ಮನೆಯೇ ಅಡ್ಡ ಬಂತು. ಗಂಡನ ಮೊದಲ ಮದುವೆಯ ಮಗಳ ಮನೆಯವರೊಂದಿಗೆ ಆಸ್ತಿಯ ತಕರಾರು ಎದ್ದಿತು. ಹದಿನಾಲ್ಕು ವರ್ಷ ಸಂಸಾರ ಮಾಡಿದ ಊರು ಬಿಡಬೇಕಾಯಿತು. ಅವಳದೇ ಎನ್ನುವ ಮನೆ ಯಾವುದು ಎಂದು ಬರೆದವರಿಗೆ ಆ ಪ್ರಶ್ನೆ ತಮ್ಮ ಬಾಳಿನಲ್ಲೇ ಎದುರಾಯಿತು. ಕೋಲ್ಕತ್ತಾಗೆ ಬಂದರು. 1911ರ ಮಾರ್ಚ್ 16ರಂದು 13, ವಲೀಉಲ್ಲಾ ಲೇನ್‌ನ ಬಾಡಿಗೆ ಮನೆಯಲ್ಲಿ ಎಂಟು ಹುಡುಗಿಯರೊಂದಿಗೆ ಸಖಾವತ್ ಮೆಮೋರಿಯಲ್ ಬಾಲಿಕಾ ಶಾಲೆ ಮತ್ತೆ ಶುರುವಾಯಿತು.

ಶಾಲೆ ಕಾಣದವರ ಶಾಲೆ

ತಾವೇ ಶಾಲೆಯ ಮುಖ ಕಂಡವರಲ್ಲ. ಒಬ್ಬ ಟೀಚರ್ ಐದಾರು ಮಕ್ಕಳಿಗೆ ಒಂದೇ ಸಲ ಹೇಗೆ ಪಾಠ ಮಾಡುತ್ತಾರೆ ಎಂಬುದೇ ಮೊದಮೊದಲು ರೊಕೆಯಾಗೆ ತಿಳಿಯದ ಸಂಗತಿಯಾಗಿತ್ತು. ಅವರು ಕಲಿತದ್ದು ಒಬ್ಬ ಅಣ್ಣ ಒಬ್ಬ ತಂಗಿಗೆ ಹೇಳಿಕೊಡುವ ಬಗೆಯನ್ನು ಮಾತ್ರ. ನಾಚಿಕೊಳ್ಳದೆ ನಗರದ ಬೇರೆ ಹುಡುಗಿಯರ ಶಾಲೆಗಳಿಗೆ ಹೋಗಿ, ಅಲ್ಲಿ ಪಾಠ ನಡೆಯುವುದನ್ನು ನೋಡಿ ಕಲಿತರು. ನಮ್ಮ ಉಪನ್ಯಾಸಕರಿಗೆ ಈ ಭಾಗ ಇಷ್ಟವಾಗಬಹುದು ಎಂದು ನನಗನ್ನಿಸುತ್ತದೆ.

ಮಕ್ಕಳನ್ನು ಸೇರಿಸುವುದಂತೂ ಇನ್ನೂ ಕಷ್ಟ. ಮನೆಮನೆಗೆ ಹೋಗಿ ತಂದೆತಾಯಿಗಳನ್ನು ಒಪ್ಪಿಸಬೇಕಿತ್ತು. ಪರ್ದಾಕ್ಕೆ ಭಂಗ ಬರುವುದಿಲ್ಲ, ನಮ್ಮ ಗಾಡಿಯೇ ಮನೆ ಬಾಗಿಲಿಗೆ ಬರುತ್ತದೆ ಎಂದು ಭರವಸೆ ಕೊಡಬೇಕಿತ್ತು. ಶಾಲೆಯಲ್ಲಿ ಕುರ್‌ಆನ್ ಪಠಣ, ಉರ್ದು, ಫಾರ್ಸಿ, ಇಂಗ್ಲಿಷ್ ಇದ್ದವು. ಜತೆಗೆ ಅಡುಗೆ, ಹೊಲಿಗೆ, ಮನೆಯಲ್ಲಿ ರೋಗಿಗಳ ಆರೈಕೆ, ವ್ಯಾಯಾಮ. ಎಂಟರಿಂದ ಶುರುವಾದ ಶಾಲೆಯಲ್ಲಿ 1915ರ ಹೊತ್ತಿಗೆ 84 ಹುಡುಗಿಯರಾದರು. 1930ರ ವೇಳೆಗೆ ಅದು ಹೈಸ್ಕೂಲ್ ಆಯಿತು.

ಆ ಶಾಲೆಯ ಬಸ್ಸಿನ ಕತೆ ಹೇಳದಿದ್ದರೆ ಈ ಲೇಖನ ಪೂರ್ತಿಯಾಗದು. ಶಾಲೆಗೆ ಹೊಸ ಮೋಟಾರು ಬಸ್ಸು ಬಂತು. ಪರ್ದಾ ಇರಬೇಕೆಂದು ಅದನ್ನು ಎಲ್ಲ ಕಡೆಯಿಂದ ಮುಚ್ಚಿ ಮಾಡಿಸಿದ್ದರು. ಮೇಲೆ ಸಣ್ಣ ಜಾಲರಿ ಬಿಟ್ಟರೆ ಗಾಳಿ ಬೆಳಕಿಗೆ ದಾರಿಯೇ ಇಲ್ಲ. ಮೊದಲ ದಿನವೇ ಒಳಗೆ ಕೂತ ಹುಡುಗಿಯರು ಸೆಖೆಯಲ್ಲಿ ಬೆಂದರು, ಕೆಲವರು ವಾಂತಿ ಮಾಡಿಕೊಂಡರು, ಚಿಕ್ಕವರು ಕತ್ತಲೆಗೆ ಹೆದರಿ ಅತ್ತರು. ಮಾರನೇ ದಿನ ಬಾಗಿಲ ಮೇಲಿನ ಮುಚ್ಚಳ ಇಳಿಸಿ ಬಣ್ಣದ ಪರದೆ ಕಟ್ಟಿಸಿದರು. ಆದರೂ ಮಕ್ಕಳು ತಲೆಸುತ್ತಿ ಬಿದ್ದರು. ರಸ್ತೆಯಲ್ಲಿ ಆ ಬಸ್ಸು ನೋಡಿದ ಪರಿಚಯದ ಹೆಂಗಸೊಬ್ಬರು ಬಾಗಿಲು ಹಾಕಿದ ಬೀರು ನಡೆದುಹೋಗುತ್ತಿದೆ ಎಂದುಕೊಂಡರಂತೆ. ಮೂರನೇ ದಿನ ನಾಲ್ಕೈದು ತಾಯಂದಿರು ಬಂದು, ಮಕ್ಕಳನ್ನು ಜೀವಂತ ಹೂಳುತ್ತೀರಾ ಎಂದು ಜಗಳ ತೆಗೆದರು. ಅದೇ ಸಂಜೆಯ ಟಪಾಲಿನಲ್ಲಿ ಕಾಗದಗಳು ಬಂದವು. ಒಂದು ಇಂಗ್ಲಿಷಿನಲ್ಲಿ, ಮೂರು ಉರ್ದುವಿನಲ್ಲಿ. ಅವುಗಳ ದೂರೇ ಬೇರೆ. ಬಸ್ಸಿನ ಪರದೆ ಗಾಳಿಗೆ ಹಾರುತ್ತದೆ, ಪರ್ದಾ ಉಳಿಯುತ್ತಿಲ್ಲ, ನಾಳೆಯೊಳಗೆ ಸರಿಪಡಿಸದಿದ್ದರೆ ಪತ್ರಿಕೆಗಳಿಗೆ ಬರೆಯುತ್ತೇವೆ ಎಂದು.

ಗಾಳಿ ಬಿಟ್ಟರೆ ಕಾಗದ ಬರುತ್ತದೆ, ಮುಚ್ಚಿದರೆ ಮಗು ಮೂರ್ಛೆ ಹೋಗುತ್ತದೆ. ಎರಡರ ನಡುವೆ ಒಬ್ಬ ವಿಧವೆ ಇಪ್ಪತ್ತು ವರ್ಷಕ್ಕೂ ಮೇಲೆ ಶಾಲೆ ನಡೆಸಿದರು. ಈ ಪ್ರಸಂಗವೂ, ಬಾಲ್ಯದ ಅಟ್ಟದ ಪ್ರಸಂಗವೂ 1931ರಲ್ಲಿ ಪುಸ್ತಕವಾದ 'ಅವರೋಧವಾಸಿನಿ'ಯಲ್ಲಿವೆ. ಅಟ್ಟದಲ್ಲಿ ಅಡಗಿದ್ದ ಮಗುವೇ ಬೆಳೆದು, ಬಸ್ಸಿನೊಳಗಿನ ಮಕ್ಕಳಿಗೆ ಗಾಳಿ ಬರಲೆಂದು ಪರದಾಡುತ್ತಿತ್ತು.

ಅವರು ಬೇಡ ಎಂದದ್ದು ಯಾವುದನ್ನು?

ರೊಕೆಯಾರನ್ನು ಓದುವಾಗ ಒಂದು ವಿಷಯದಲ್ಲಿ ಎಚ್ಚರ ಬೇಕು. ಅವರು ದೀನಿನ ವಿರೋಧಿಯಾಗಿರಲಿಲ್ಲ. ಬುರ್ಖಾ ಬಗ್ಗೆಯೇ ಒಂದು ಪ್ರಬಂಧ ಬರೆದು, ಪ್ರಗತಿಗೆ ಅಡ್ಡಿಯಾಗಿರುವುದು ಬುರ್ಖಾ ಅಲ್ಲ, ಓದಿನ ಕೊರತೆ ಎಂದು ವಾದಿಸಿದರು. ತಾವೂ ಮೈಮುಚ್ಚಿಯೇ ಹೊರಗೆ ಓಡಾಡಿದರು. ಅವರ ಸಿಟ್ಟು ಇದ್ದದ್ದು ಮಗುವನ್ನು ಹಸಿವಿನಲ್ಲಿ ಅಟ್ಟಕ್ಕೆ ಹಾಕುವ ರಿವಾಜಿನ ಮೇಲೆ. ಹೆಣ್ಣುಮಕ್ಕಳಿಗೆ ಓದಿನ ಹಕ್ಕನ್ನು ಇಸ್ಲಾಮೇ ಕೊಟ್ಟಿದೆ, ಅದನ್ನು ಕಸಿದುಕೊಂಡವರು ನಾವು ಎಂಬುದು ಅವರ ನಿಲುವು. 1916ರಲ್ಲಿ ಅವರು ಅಂಜುಮನ್-ಎ-ಖವಾತೀನ್-ಎ-ಇಸ್ಲಾಂ ಎಂಬ ಹೆಂಗಸರ ಸಂಘ ಕಟ್ಟಿ ಬಡ ಹೆಣ್ಣುಮಕ್ಕಳ, ವಿಧವೆಯರ ನೆರವಿಗೆ ನಿಂತರು. 1926ರಲ್ಲಿ ಬಂಗಾಳದ ಮಹಿಳಾ ಶಿಕ್ಷಣ ಸಮ್ಮೇಳನದ ಅಧ್ಯಕ್ಷತೆ ವಹಿಸಿದರು.

ಭಾಷೆಯ ವಿಷಯವೂ ನಮಗೆ ಹತ್ತಿರದ್ದು. ನಮ್ಮಲ್ಲಿ ಹಲವರ ಮನೆಯಲ್ಲಿ ಉರ್ದು, ಕೆಲವರಲ್ಲಿ ಬ್ಯಾರಿ. ಕಾಲೇಜಿಗೆ ಬಂದು ಕನ್ನಡದಲ್ಲಿ ಬರೆಯುತ್ತೇವೆ. ಮನೆಮಾತು ಬೇರೆಯಾದರೂ ನಾಡಿನ ಭಾಷೆಯಲ್ಲಿ ನಮ್ಮ ಮನೆಯ ಒಳಗನ್ನು ಬರೆಯಬಹುದು ಎಂದು ನಮ್ಮ ಕನ್ನಡದಲ್ಲೇ ಸಾರಾ ಅಬೂಬಕ್ಕರ್, ಬಾನು ಮುಷ್ತಾಕ್ ತೋರಿಸಿಕೊಟ್ಟರು. ಬಾನು ಮುಷ್ತಾಕ್ ಅವರ ಕತೆಗಳಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನಾವೆಲ್ಲ ಸಂಭ್ರಮಿಸಿದೆವು. ಬಂಗಾಳದಲ್ಲಿ ಆ ದಾರಿಯನ್ನು ಶತಮಾನದ ಹಿಂದೆಯೇ ಸವೆಸಿದವರು ರೊಕೆಯಾ.

1932ರ ಡಿಸೆಂಬರ್ 9ರಂದು ಕೋಲ್ಕತ್ತಾದಲ್ಲಿ ಅವರು ತೀರಿಕೊಂಡರು. ಹಿಂದಿನ ರಾತ್ರಿಯವರೆಗೂ ಹೆಣ್ಣಿನ ಹಕ್ಕುಗಳ ಬಗ್ಗೆ ಒಂದು ಲೇಖನ ಬರೆಯುತ್ತಿದ್ದರು. ಅದು ಅರ್ಧಕ್ಕೇ ನಿಂತಿತು. ಕೋಲ್ಕತ್ತಾದ ಹತ್ತಿರದ ಸೋದೆಪುರದಲ್ಲಿ ಅವರನ್ನು ದಫನ್ ಮಾಡಿದರು.

ಗೆಳತಿಯರೇ, ಪಿಯುಸಿ ಮುಗಿದ ಮೇಲೆ ಏನು ಎಂಬ ಮಾತು ಈಗ ನಮ್ಮೆಲ್ಲರ ಮನೆಯಲ್ಲೂ ನಡೆಯುತ್ತಿದೆ. ಕೆಲವರಿಗೆ ದಾರಿ ತೆರೆದಿದೆ, ಕೆಲವರಿಗೆ ಅರ್ಧ ತೆರೆದಿದೆ, ಇನ್ನು ಕೆಲವರ ಮನೆಯಲ್ಲಿ ಮಾತೇ ಮುಗಿದಂತಿದೆ. ರೊಕೆಯಾರ ಬದುಕು ನೋಡಿದರೆ ಮನೆಯ ಜನರೆಲ್ಲ ಒಂದೇ ಥರ ಇರುವುದಿಲ್ಲ ಎಂದು ತಿಳಿಯುತ್ತದೆ. ತಡೆಯುವವರ ನಡುವೆಯೇ ಅಕ್ಷರ ದಾಟಿಸುವ ಅಕ್ಕ ಇರುತ್ತಾಳೆ, ಮೇಣದಬತ್ತಿ ಹಿಡಿಯುವ ಅಣ್ಣ ಇರುತ್ತಾನೆ, ನಿಂತೇ ಓದಿ ಮೆಚ್ಚುವವರೂ ಸಿಗುತ್ತಾರೆ. ನಿಮ್ಮ ಮನೆಯಲ್ಲಿ ಅಂಥವರು ಯಾರು ಎಂದು ಹುಡುಕಿ. ಅಬ್ಬಾ ಇರಬಹುದು, ಮಾಮಾ ಇರಬಹುದು, ಓದು ಬಾರದ ದಾದಿಯೇ ಇರಬಹುದು. ಅವರ ಹತ್ತಿರ ಕೂತು ನಿಮ್ಮ ಆಸೆಯನ್ನು ಬಾಯಿಬಿಟ್ಟು ಹೇಳಿ. ಹಾಗೆಯೇ ನಿಮ್ಮ ಹಿಂದೆ ಬರುತ್ತಿರುವ ತಂಗಿಗೆ ನೀವೇ ಆ ಅಕ್ಕ ಆಗಿ.

— ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗದ ವಿದ್ಯಾರ್ಥಿನಿ